ಕೊನೆಯ ಬಾಗಿಲ ಮುಂದೆ

ನರೇಂದ್ರಣ್ಣ,

ನೀನು ಕಾಯುತ್ತಿದ್ದ ಆ ಜಪಾನಿ ಆಟದ ಎರಡನೇ ಭಾಗ ಇವತ್ತು ಕಂಪ್ಯೂಟರಿಗೂ ಬಂತು. ಶಿಡ್ಲಘಟ್ಟದ ಮನೆಯಲ್ಲಿ, ನಿನ್ನ ಕಂಪ್ಯೂಟರಿನಲ್ಲೇ ಹಾಕಿದೆ. ಮೊದಲ ಭಾಗದಲ್ಲಿ ನಾವು ಉಳಿಸಿಟ್ಟಿದ್ದ ಆಟಗಳನ್ನು ಅದೇ ಹುಡುಕಿ ತೋರಿಸಿತು: ನನ್ನದೊಂದು, ನಿನ್ನದೊಂದು.

ಆಗ ಒಬ್ಬರು ಆಡುವಾಗ ಇನ್ನೊಬ್ಬರು ರೇಷ್ಮೆಹುಳಕ್ಕೆ ಸೊಪ್ಪು ಹಾಕಬೇಕಿತ್ತಲ್ಲ. "ಆಟದ ಕೊನೇ ಬಾಗ್ಲು ಒಬ್ಳೇ ತೆಗೀಬೇಡ ಕಣೇ, ಇಬ್ರೂ ಹೋಗಣ" ಅಂತ ಹೇಳಿ ನೀನು ಎದ್ದು ಹೋದೆ. ನೀನು ಬರುವಷ್ಟರಲ್ಲಿ ನಾನು ಬಾಗಿಲು ತೆಗೆದು ಆಟ ಮುಗಿಸಿದ್ದೆ. ಕೊನೆಯ ಸಲ ಆಸ್ಪತ್ರೆಯಲ್ಲಿ ನೀನು ಬಾಗಿಲು ತೆಗೆದೆಯಾ ಎಂದು ಕೇಳಿದಾಗಲೂ "ಇನ್ನೂ ಇಲ್ಲ ಅಣ್ಣ" ಅಂದೆ.

ನಿನ್ನ ಆಟ ಆ ಬಾಗಿಲ ಮುಂದೆಯೇ ನಿಂತಿದೆ. ನಿನ್ನ ಪಾತ್ರದ ಪಕ್ಕದಲ್ಲಿ, ನೀನು ರೂಪ ಅಂತ ನನ್ನ ಹೆಸರಿಟ್ಟ ಆಟದ ಹುಡುಗಿ.

ಯಾರ ಆಟ ಮುಂದುವರಿಸಲಿ ಎಂದು ಪರದೆ ಕೇಳುತ್ತಿದೆ.

ಕುರ್ಚಿ ನಿನಗೆ ಬಿಟ್ಟು ಏಳುತ್ತಿದ್ದೇನೆ, ಅಣ್ಣ. ಸೊಪ್ಪು ಹಾಕುವ ಸರದಿ ನನ್ನದು.