ಪಜಿ ಕಲ್ಲಿನ ಗೋಡೆಗೆ ಒಂದು ‘ಆವು’

ವಾಸ್ತುಶಿಲ್ಪ ಕಾಲೇಜಿನ ಸಂಶೋಧನಾ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ಮೂಡುಬಿದಿರೆಯ ನಿಮ್ಮ ಪ್ರದರ್ಶನದಲ್ಲಿ ಗಾಜಿನ ಪೆಟ್ಟಿಗೆಯನ್ನೂ ಅದರೊಳಗಿನ ಗೋಡೆಯ ಮಾದರಿಯನ್ನೂ, ಗೋಡೆ ನೆಟ್ಟಗಿದೆಯೇ ಎಂದು ಇಳಿಬಿಟ್ಟು ನೋಡುವ ತೂಕದ ಗುಂಡಿನಿಂದ ಒಡೆದು ಪುಡಿ ಮಾಡಿದ್ದಕ್ಕೆ ಹದಿನೈದು ದಿನಗಳೊಳಗೆ ಲಿಖಿತ ಕ್ಷಮಾಪಣೆ ಕೊಡಬೇಕೆಂದು ನೀವು ಕಳಿಸಿದ ನೋಟಿಸು ತಲುಪಿದೆ. ಇಂದು ಹದಿಮೂರನೆಯ ದಿನ. ಕ್ಷಮೆಯನ್ನು ಖಂಡಿತ ಕೇಳುತ್ತೇನೆ. ಯಾರ ಹತ್ತಿರ ಎಂಬುದನ್ನು ಈ ಪತ್ರ ಮುಗಿಯುವುದರೊಳಗೆ ನೀವೇ ತಿಳಿಯುವಿರಿ. ನಿಮ್ಮ ಕಚೇರಿಗೆ ನಾನು ಕೊಟ್ಟ ಮೂರು ಕಾಗದಗಳು ಸೀಲು ಹೊಡೆಸಿಕೊಂಡು ಅಲ್ಲೇ ಸುಖವಾಗಿ ನಿದ್ರೆ ಮಾಡುತ್ತಿರುವುದರಿಂದ ನಾಲ್ಕನೆಯದನ್ನು ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ವಿಷಯ ಇಷ್ಟೆ. ನೀವು ಕಲಿಸಿ ಕಟ್ಟಿಸಿದ ಗೋಡೆ ಒಬ್ಬ ಮನುಷ್ಯನನ್ನು ಅರೆದು ಕೊಂದಿದೆ. ಅದೇ ಗೋಡೆಯನ್ನು ಬರುವ ತಿಂಗಳು ಮುಂಡಾಜೆ ಕಡೆಯ ಒಂದು ಅಂಗನವಾಡಿಯ ಅಂಗಳದಲ್ಲಿ ‘ಎರಡನೇ ಹಂತ’ ಎಂದು ಮತ್ತೆ ಕಟ್ಟಲು ಹೊರಟಿದ್ದೀರಿ. ಅದಕ್ಕೆ ಸತ್ತವನ ಒಪ್ಪಿಗೆಯನ್ನೇ ಪ್ರಮಾಣಪತ್ರವಾಗಿ ತೋರಿಸುತ್ತಿದ್ದೀರಿ.

ನಾನು ವಾಮದಪದವಿನ ಕಲ್ಲು ಕಟ್ಟುವ ಮೇಸ್ತ್ರಿ, ಬ್ಯಾರಿ ಮುಸಲ್ಮಾನ. ಪ್ರಾಯ ಎಪ್ಪತ್ತೊಂದು. ಶಾಲೆ ನಾಲ್ಕನೇ ಕ್ಲಾಸಿಗೆ ಮುಗಿಯಿತು, ಓದುವ ಚಟ ಮುಗಿಯಲಿಲ್ಲ. ಬರೆಯಲು ಕಲಿತದ್ದು ಸೌದಿಯ ದಮ್ಮಾಮಿನಲ್ಲಿದ್ದ ತಮ್ಮಂದಿರಿಗೂ ಕೊಡಗಿಗೆ ಕೊಟ್ಟ ಅಕ್ಕ ಸಫಿಯಮ್ಮನಿಗೂ ಮೂವತ್ತು ವರ್ಷ ಪತ್ರ ಹಾಕಿ. ಹಾಗಾಗಿ ಪತ್ರವೆಂದರೆ ಮೊದಲು ಕ್ಷೇಮ ವಿಚಾರಿಸಬೇಕು ಎಂಬುದು ನನ್ನ ಅಭ್ಯಾಸ. ತಾವು ಕ್ಷೇಮವೇ? ನಿದ್ರೆ ಬರುತ್ತದೆಯೇ? ನಿಮ್ಮ ಮನೆಯ ಗೋಡೆಗಳು ನೆಟ್ಟಗಿವೆಯೇ?

ಆ ಸತ್ತವನು ರುಕ್ಮಯ್ಯ, ನನಗಿಂತ ಎರಡು ವರ್ಷ ದೊಡ್ಡವನು. ಮೂವತ್ತೆಂಟು ವರ್ಷ ನಾವಿಬ್ಬರು ಜೊತೆಗೆ ದುಡಿದೆವು. ಕಲ್ಲು ಆರಿಸುವುದು, ಕೆತ್ತುವುದು ಅವನು, ಕಟ್ಟುವುದು ನಾನು. ಕೋರೆಯಿಂದ ಲಾರಿ ಬಂದರೆ ಅವನು ಒಂದೊಂದು ಕೆಂಪು ಕಲ್ಲಿಗೂ ಕೊಡಲಿಯ ಹಿಂಬದಿಯಿಂದ ಬಡಿದು ಕಿವಿಗೊಡುತ್ತಿದ್ದ. ‘ಠಣ್’ ಎಂದರೆ ಗೋಡೆಗೆ. ‘ದಬ್’ ಎಂದರೆ ಬದಿಗೆ. ಈಗಷ್ಟೇ ನೆಲದಿಂದ ಕೊಯ್ದು ತೆಗೆದ, ಒಳಗಿನ್ನೂ ನೀರು ಹಿಡಿದ ಕಲ್ಲನ್ನು ನಾವು ಪಜಿ ಕಲ್ಲು ಎನ್ನುತ್ತೇವೆ, ಹಸಿ ಕಲ್ಲು. ಅದು ಒಂದು ಬೇಸಗೆಯಾದರೂ ಬಿಸಿಲು ತಿನ್ನಬೇಕು. ಆಮೇಲೆ ಗಟ್ಟಿಯಾಗುತ್ತದೆ. ಇಷ್ಟು ವಿದ್ಯೆಗೆ ರುಕ್ಮಯ್ಯನಿಗೆ ಯಾರೂ ಡಾಕ್ಟರೇಟ್ ಕೊಡಲಿಲ್ಲ.

ಹೋದ ವರ್ಷ ಜನವರಿಯಲ್ಲಿ ನಿಮ್ಮ ಮಕ್ಕಳು ನಮ್ಮೂರಿಗೆ ಬಂದರು. ಮಕ್ಕಳು ಎಂದೇ ಬರೆಯುತ್ತೇನೆ. ಅವರ ಮೇಲೆ ನನಗೆ ಒಂದು ಸಾಸಿವೆಯಷ್ಟೂ ಸಿಟ್ಟಿಲ್ಲ. ದಾವಣಗೆರೆ ಕಡೆಯ ಕಾಂತಿ ಎಂಬ ಹುಡುಗಿ ಅವರ ಮುಂದಾಳು. ಇಂದಿನ ವಾಸ್ತುಶಿಲ್ಪ ಸಂಶೋಧನೆ ಎತ್ತ ಸಾಗಿದೆ ಎಂದು ಅವಳೇ ನನಗೆ ಚಹಾ ಕುಡಿಯುತ್ತ ವಿವರಿಸಿದಳು. ದೇಶೀಯ ಜ್ಞಾನ, ಸಹಭಾಗಿ ವಿನ್ಯಾಸ, ಸುಸ್ಥಿರತೆ, ಪ್ಯಾರಾಮೆಟ್ರಿಕ್. ಕೊನೆಯದೆಂದರೆ ಒಂದು ಅಂಕಿ ತಿದ್ದಿದರೆ ಇಡೀ ಗೋಡೆಯೇ ಕಂಪ್ಯೂಟರಿನಲ್ಲಿ ಮೈಮುರಿದು ಬೇರೆ ರೂಪ ತಾಳುವ ವಿದ್ಯೆಯಂತೆ. ಸುಳ್ಳು ಹೇಳುವುದಿಲ್ಲ, ನೋಡಿ ನನಗೆ ಖುಷಿಯಾಯಿತು. ಯಾವ ತೂತಿನಿಂದ ಎಷ್ಟು ಗಾಳಿ ಬರುತ್ತದೆ ಎಂದು ಅದು ಬಣ್ಣ ಬಳಿದು ತೋರಿಸುತ್ತದೆ. ಯಂತ್ರವನ್ನು ಬಯ್ಯುವ ಮುದುಕ ನಾನಲ್ಲ. ನಾನು ಕೇಳಿದ್ದು ಒಂದೇ ಪ್ರಶ್ನೆ: “ಇದರೊಳಗೆ ಪಜಿ ಕಲ್ಲಿಗೆ ಬೇರೆ ಅಂಕಿ ಉಂಟಾ ಮಗಾ?”

“ಇಲ್ಲಜ್ಜ, ಕೆಂಪು ಕಲ್ಲು ಅಂತ ಒಂದೇ ಐತಿ,” ಎಂದಳು.

ಆ ಪ್ರಶ್ನೆಯನ್ನು ನಾನು ಅಲ್ಲಿಗೇ ಬಿಟ್ಟೆ. ಏಕೆ ಬಿಟ್ಟೆನೆಂದರೆ, ಮಾನ್ಯರೇ, ಅದರ ಹಿಂದಿನ ವಾರವಷ್ಟೇ ನೀವು ನನ್ನನ್ನು ಕಾಲೇಜಿಗೆ ಕರೆಸಿ, ತಣ್ಣನೆಯ ಕೋಣೆಯಲ್ಲಿ ಕೂರಿಸಿ, ಶಾಲು ಹೊದೆಸಿ, ಜ್ಞಾನಪರಂಪರೆಯ ವಾರಸುದಾರರು ಎಂದು ಹೊಗಳಿದ್ದಿರಿ. ನಾಲ್ಕನೇ ಕ್ಲಾಸಿನವನಿಗೆ ಎರಡು ಗಂಟೆ ಕಾಲ ಎಲ್ಲರೂ ಸರ್ ಎಂದರು. ಆ ಶಾಲು ಮನೆಗೆ ಬಂದ ಮೇಲೂ ಹೆಗಲಿನಿಂದ ಇಳಿಯಲಿಲ್ಲ. ರುಕ್ಮಯ್ಯ ತಮಾಷೆ ಮಾಡಿದ: “ಇನ್ನು ಕಲ್ಲು ಮುಟ್ಲಿಕ್ಕೆ ಸಾಹೇಬ್ರಿಗೆ ಗ್ಲೌಸ್ ತರಿಸ್ಬೇಕು ಅಂತ ಕಾಣ್ತದೆ!”

ಏಪ್ರಿಲಿನಲ್ಲಿ ನಿಮ್ಮ ಮಕ್ಕಳು ವಿನ್ಯಾಸ ಮಾಡಿದ ಬಸ್ ತಂಗುದಾಣದ ಕೆಲಸ ಹಿಡಿದೆವು. ಒಂಬತ್ತು ಅಡಿ ಎತ್ತರದ, ಹಾವಿನ ಹಾಗೆ ಬಳುಕುವ ಗೋಡೆ. ಮೈತುಂಬ ತೂತು. ಪ್ರತಿ ಸಾಲು ಕೆಳಗಿನದಕ್ಕಿಂತ ಎರಡು ಬೆರಳು ಹೊರಗೆ ಚಾಚಬೇಕು. ಕಲ್ಲು ಕೋರೆಯಿಂದ ನೇರ ಬಂತು, ಹಿಂಡಿದರೆ ನೀರು ಸುರಿಯುವಂಥದ್ದು. ಬಿಸಿಲಿಗೆ ಹಾಕಲು ಪುರುಸೊತ್ತಿಲ್ಲ, ಮೇ ಕೊನೆಗೆ ಸೆಮಿಸ್ಟರ್ ಮುಗಿಯುತ್ತದೆ, ಅದರೊಳಗೆ ಅಂಕ ಕೊಡಬೇಕು ಎಂದಿರಿ. ಕಲ್ಲಿಗೆ ಯಾವ ವಿಶ್ವವಿದ್ಯಾಲಯದ ಸೆಮಿಸ್ಟರ್ ಮಾನ್ಯರೇ?

ರುಕ್ಮಯ್ಯ ಹತ್ತು ಕಲ್ಲಿಗೆ ಬಡಿದ. ಏಳು ಕಲ್ಲು ‘ದಬ್’ ಎಂದವು. ಅವನು ನನ್ನನ್ನು ಬದಿಗೆ ಕರೆದು, “ಬಲ್ಲಿ ಮಾರಾಯ. ಬಲ್ಲಿ. ಇದು ಗೋಡೆ ಅಲ್ಲ, ಜೋಡಿಸಿಟ್ಟ ಕೆಸರು. ಹೋಗಿ ಹೇಳು ಅವರಿಗೆ, ನಿನಗೆ ಕನ್ನಡ ಚಂದ ಬರ್ತದಲ್ಲ,” ಎಂದ. ಬಲ್ಲಿ ಎಂದರೆ ತುಳುವಿನಲ್ಲಿ ಕೂಡದು. ಅದರ ಮೇಲೆ ಮಾತಿಲ್ಲ.

ಇನ್ನೊಂದು ಮಾತಿದೆ, ಆವು. ನಿಮ್ಮ ವರದಿಯ ಅಡಿಟಿಪ್ಪಣಿಯಲ್ಲಿ ಅದರ ಅರ್ಥ ‘ಸಮ್ಮತಿ’ ಎಂದು ಬರೆದಿದ್ದೀರಿ. ಅಯ್ಯೋ, ಈ ಮೂರು ತಾಲೂಕಿನಲ್ಲಿ ಯಾರನ್ನಾದರೂ ಕೇಳಬಹುದಿತ್ತು. ಬೀಡಿ ಬಿಡಬೇಕು ಎಂದು ಡಾಕ್ಟರು ಹೇಳಿದರೆ ನಾವು ಆವು ಎನ್ನುತ್ತೇವೆ. ಸೇತುವೆ ಮಾಡಿಸುತ್ತೇನೆ ಎಂದು ಮತ ಕೇಳಲು ಬಂದವರಿಗೂ ಆವು. ಅಳಿಯ ಹೇಳುವ ಹೊಸ ವ್ಯಾಪಾರದ ಯೋಜನೆಗೂ ಆವು. ಕೆಲವೊಮ್ಮೆ ಅದು ಒಪ್ಪಿಗೆಯೇ. ಆದರೆ ಕಲಿತವರ ಎದುರು ನಮ್ಮಂಥವರು ಹೇಳುವ ಆವುಗೆ ಒಂದೇ ಅರ್ಥ: ನಿಮ್ಮ ಜೊತೆ ಯಾರು ವಾದ ಮಾಡುವುದು, ನಡೆಯಲಿ. ಸಹಭಾಗಿ ವಿನ್ಯಾಸವನ್ನು ಐದು ವರ್ಷ ಕಲಿಸುವ ನಿಮಗೆ, ಬಡವನ ಹೌದು ಯಾವಾಗ ಇಲ್ಲ ಆಗಿರುತ್ತದೆ ಎಂಬ ಪಾಠ ಯಾವ ಪುಟದಲ್ಲೂ ಸಿಗಲಿಲ್ಲವೇ?

ಮೇ ತಿಂಗಳಲ್ಲಿ ಎರಡು ಮಳೆ ಬಿತ್ತು. ಕಲ್ಲು ಹೊಟ್ಟೆ ತುಂಬ ಕುಡಿಯಿತು. ಗೋಡೆ ಮುಗಿದಿತ್ತು, ಆದರೆ ಚಾಚಿದ ಬದಿಗೆ ಮರದ ಕಂಬಗಳ ಆನಿಕೆ ಇತ್ತು. ಡ್ರೋನ್ ಫೋಟೋದಲ್ಲಿ ಕಂಬ ಕಾಣಬಾರದು, ತೆಗೆಸಿ ಎಂದು ನಿಮ್ಮ ಕಚೇರಿಯಿಂದ ಫೋನು ಬಂತು. ಮಧ್ಯಾಹ್ನ ಮೂರು ಗಂಟೆ. ಮಕ್ಕಳನ್ನೆಲ್ಲ ದೂರ ನಿಲ್ಲಿಸಿ ರುಕ್ಮಯ್ಯ ತಾನೇ ಒಳಗೆ ನುಗ್ಗಿದ. “ಬ್ಯಾರಿ, ನೀನೂ ಆಚೆ ನಿಲ್ಲು. ನಿನ್ನ ಶಾಲಿಗೆ ಧೂಳಾಗ್ತದೆ,” ಎಂದ. ಮೊದಲ ಕಂಬ ಬಂತು. ಎರಡನೆಯದು ಬಂತು. ಮೂರನೆಯದಕ್ಕೆ ಕೈ ಹಾಕಿದಾಗ ಗೋಡೆಯ ಹೊಟ್ಟೆಯೊಳಗಿನಿಂದ ಮೂಳೆ ಮುರಿದಂಥ ಸದ್ದು ಕೇಳಿಸಿತು.

ಮಾನ್ಯರೇ, ಗೋಡೆ ಕುಸಿಯಿತು ಎಂದು ನಿಮ್ಮ ವರದಿ ಹೇಳುತ್ತದೆ. ಕುಸಿಯಲಿಲ್ಲ. ಅದು ಅವನ ಮೇಲೆ ಹಾರಿತು. ಮೇಲಿನ ಸಾಲು ಅವನ ಬೆನ್ನಿಗೆ ಬಡಿದು ಮೊಣಕಾಲಿಗೆ ಕೆಡವಿತು. ನಡುವಿನದು ಎದೆಗೆ ಬಿತ್ತು. ಉಳಿದದ್ದು ಅವನನ್ನು ನೆಲಕ್ಕೆ ಹೊಲಿಯಿತು. ಒಂದೊಂದು ಕಲ್ಲು ನಲವತ್ತು ಕಿಲೋ, ನೀರು ಕುಡಿದದ್ದು ಇನ್ನೂ ಹೆಚ್ಚು. ಕೆಂಪು ಧೂಳು ಎದ್ದು ಯಾವುದು ಕಲ್ಲು, ಯಾವುದು ಅವನು ಎಂದು ಗೊತ್ತಾಗಲಿಲ್ಲ. ನಿಮ್ಮ ಮಕ್ಕಳು ಓಡಿಹೋಗಲಿಲ್ಲ, ಇದನ್ನು ಬರೆದಿಡಿ. ಬರಿಗೈಯಲ್ಲಿ ಕಲ್ಲು ಕಿತ್ತರು. ಕಾಂತಿಯ ಎರಡು ಉಗುರು ಬುಡದಿಂದ ಹಾರಿಹೋದವು. ಸಿಕ್ಕಿದ್ದು ಮೊದಲು ಅವನ ಕೈ. ಆಮೇಲೆ ಮುಖ. ಕೆಳದವಡೆ ಜಾಗದಲ್ಲಿರಲಿಲ್ಲ. ಒಂದು ಕಾಲು ಹಿಂದೆ ತಿರುಗಿ ಅವನದೇ ಬೆನ್ನಿನಡಿ ಮಡಚಿಕೊಂಡಿತ್ತು. ಉಸಿರಾಡಿದಾಗೆಲ್ಲ ಎದೆಯೊಳಗಿಂದ ಒಡೆದ ಹಂಚಿನ ಸದ್ದು ಬರುತ್ತಿತ್ತು. ಗೂಡ್ಸ್ ರಿಕ್ಷಾದಲ್ಲಿ ಮಲಗಿಸಿಕೊಂಡು ಹೊರಟೆವು. ತಲೆ ನನ್ನ ತೊಡೆಯ ಮೇಲೆ. ಬಂಟ್ವಾಳದ ಸೇತುವೆ ಮುಟ್ಟುವ ಮೊದಲು ಆ ಸದ್ದು ನಿಂತಿತು.

ನಿಮ್ಮ ವರದಿ ಬಂದದ್ದು ಎರಡು ತಿಂಗಳ ಮೇಲೆ. ‘ಕೆಲಸಗಾರಿಕೆಯ ದೋಷ’ ಎಂದಿತು. ‘ವಿನ್ಯಾಸಕ್ಕೂ ಕಲ್ಲಿಗೂ ಸ್ಥಳೀಯ ಕುಶಲಕರ್ಮಿ ಶ್ರೀ ರುಕ್ಮಯ್ಯ ಅವರ ಮೌಖಿಕ ಅನುಮೋದನೆ ಪಡೆದು ಧ್ವನಿಮುದ್ರಿಸಲಾಗಿದೆ’ ಎಂದಿತು. ಆಮೇಲೆ ಪ್ರದರ್ಶನ. ನೋಡಲೇಬೇಕು ಎಂದು ಬಸ್ಸು ಹತ್ತಿ ಬಂದೆ. ಗಾಜಿನೊಳಗೆ ಮುದ್ದಾದ ಬಿಳಿ ಗೋಡೆ, ಪಕ್ಕದಲ್ಲಿ ರುಕ್ಮಯ್ಯನ ಫೋಟೋ, ಕೆಳಗೊಂದು ಕೆಂಪು ಗುಂಡಿ. ‘ಪರಂಪರೆಯ ಧ್ವನಿಯನ್ನು ಆಲಿಸಲು ಒತ್ತಿರಿ.’ ಒತ್ತಿದೆ.

“ಅಜ್ಜ, ಇದು ನಿಲ್ತೈತಾ?”

“ಆವು ಮಗಾ, ಆವು.”

ಅದು ರುಕ್ಮಯ್ಯನ ಧ್ವನಿ ಅಲ್ಲ, ಮಾನ್ಯರೇ. ಅದು ನನ್ನದು.

ಬಲ್ಲಿ ಎಂದು ಹೇಳಿ ಬಾ ಎಂದು ಅವನು ಕಳಿಸಿದ್ದ. ನಾನು ಹೋದೆ. ಹುಡುಗಿ ಮೊಬೈಲು ಹಿಡಿದು ಅಷ್ಟು ಪ್ರೀತಿಯಿಂದ ಕೇಳಿದಳು. ಹಿಂದೆ ನೀವು ನಿಂತು ನಗುತ್ತಿದ್ದಿರಿ. ಸರ್ ಅನ್ನಿಸಿಕೊಂಡವನ ಬಾಯಿಂದ ಬಲ್ಲಿ ಹೊರಡಲಿಲ್ಲ. ವಾಪಸು ಬಂದು ರುಕ್ಮಯ್ಯನಿಗೆ, “ಹೇಳಿದ್ದೇನೆ, ಅವರು ಲೆಕ್ಕ ಹಾಕಿದ್ದಾರಂತೆ” ಎಂದೆ. ಅವನು ನನ್ನನ್ನು ನಂಬಿದ. ಮೂವತ್ತೆಂಟು ವರ್ಷ ನಂಬಿದ್ದ.

ಗುಂಡಿಯನ್ನು ಇನ್ನೊಮ್ಮೆ ಒತ್ತಿದೆ. ಮತ್ತೊಮ್ಮೆ. ಆಮೇಲೆ ಚೀಲದಲ್ಲಿದ್ದ ತೂಕದ ಗುಂಡನ್ನು ಹಗ್ಗ ಸಮೇತ ತೆಗೆದು ಬೀಸಿದೆ. ಗಾಜು ಮುಖಕ್ಕೆ ಹಾರಿತು. ಬಿಳಿ ಗೋಡೆ ಚೂರಾದ ಮೇಲೂ ಮೇಜಿಗೆ, ಫಲಕಕ್ಕೆ, ಆ ಗುಂಡಿಗೆ ಹೊಡೆಯುತ್ತಲೇ ಇದ್ದೆ. ಅದು ಸಾಯುವ ಮೊದಲು ಅರ್ಧ ಆವು ಎಂದಿತು. ನಿಮ್ಮ ಕಾವಲುಗಾರ ಧನರಾಜ್ ನನ್ನ ಕತ್ತು ಹಿಡಿದು ನೆಲಕ್ಕೆ ಕುಕ್ಕಿದ. ಎದುರಿನ ಹಲ್ಲು ಒಂದು ಮುರಿಯಿತು. ಅವನ ಮನೆ ಕಟ್ಟಿದವನೂ ನಾನೇ. ಮೊಣಕಾಲು ನನ್ನ ಬೆನ್ನ ಮೇಲಿಟ್ಟುಕೊಂಡೇ ಕಿವಿಯಲ್ಲಿ, “ಮೇಸ್ತ್ರಿ, ಬೇಜಾರು ಮಾಡ್ಬೇಡಿ, ಮೇಲಿನವರು ನೋಡ್ತಾ ಇದ್ದಾರೆ,” ಎಂದ. ಆವು ಎಂದೆ. ನೋಡಿ, ಅಲ್ಲೂ ಅದೇ ಬಂತು ಬಾಯಿಗೆ.

ಯಾರ ಧ್ವನಿ ಎಂಬುದು ಮರೆತು ನೀವು ತಿಳಿಯದೆ ಮಾಡಿದಿರಿ ಎಂದುಕೊಂಡಿದ್ದೆ. ಆದರೆ ಆಮೇಲೆ ಕಾಂತಿ ನನ್ನ ಮನೆಗೆ ಬಂದು, ಉಗುರು ಇನ್ನೂ ಸರಿಯಾಗಿ ಬೆಳೆಯದ ಬೆರಳುಗಳಿಂದ ಮುಖ ಮುಚ್ಚಿಕೊಂಡು ಅತ್ತಳು. ಆ ಧ್ವನಿ ಬೇರೆ ಅಜ್ಜನದು ಎಂದು ಅವಳು ಪ್ರದರ್ಶನಕ್ಕೆ ಮೊದಲೇ ನಿಮಗೆ ಹೇಳಿದ್ದಳಂತೆ. ನೀವು ಹೇಳಿದ್ದು: “ಯಾರದ್ದಾದರೇನಮ್ಮ, ಮೇಸ್ತ್ರಿಯದ್ದು ತಾನೆ?” ಇದಲ್ಲವೇ ನಿಮ್ಮ ಸಂಶೋಧನೆಯ ದಿಕ್ಕು? ಕಂಪ್ಯೂಟರಿನಲ್ಲಿ ಎಲ್ಲ ಕೆಂಪು ಕಲ್ಲಿಗೂ ಒಂದೇ ಅಂಕಿ. ವರದಿಯಲ್ಲಿ ಎಲ್ಲ ಮೇಸ್ತ್ರಿಗಳಿಗೂ ಒಂದೇ ಬಾಯಿ. ಸತ್ತವನ ಬಾಯಿ ಎದುರಾಡುವುದಿಲ್ಲ ಎಂಬ ಅನುಕೂಲ ಬೇರೆ. ಮಕ್ಕಳನ್ನು ಸಾವಿರ ಕಂಬದ ಬಸದಿಗೆ ಕರೆದೊಯ್ದು ನಿಂತದ್ದನ್ನೆಲ್ಲ ಅಳೆಯಲು ಕಲಿಸುತ್ತೀರಿ. ಬಿದ್ದದ್ದನ್ನು ಓದಲು ಯಾವಾಗ ಕಲಿಸುತ್ತೀರಿ?

ಆದ್ದರಿಂದ ಕೇಳಿ. ಮುಂಡಾಜೆಯ ಗೋಡೆ ಆಗಕೂಡದು. ಅಲ್ಲಿ ಕಂಬ ತೆಗೆಯಲು ರುಕ್ಮಯ್ಯ ಇರುವುದಿಲ್ಲ, ಗೋಡೆಯ ಅಡಿಯಲ್ಲಿ ಮೂರು ವರ್ಷದ ಮಕ್ಕಳು ಗಂಜಿ ಉಣ್ಣುತ್ತಿರುತ್ತಾರೆ. ವರದಿಯಿಂದ ಅವನ ಹೆಸರು ತೆಗೆದು ಆ ಜಾಗದಲ್ಲಿ ನನ್ನದನ್ನು ಬರೆಯಿರಿ. ಪೊಲೀಸರು ಕೇಳಿದರೆ ಅವರೆದುರೂ ಹೇಳುತ್ತೇನೆ. ತಂಗುದಾಣದ ಬಳಿ ಆ ಕಲ್ಲಿನ ರಾಶಿ ಇನ್ನೂ ಉಂಟು. ಪ್ರತಿ ವರ್ಷದ ಮೊದಲ ಪಾಠ ಅಲ್ಲಿ ಆಗಲಿ. ಕೊಡಲಿಯ ಹಿಂಬದಿಯಿಂದ ಬಡಿದು ಕೇಳಲು ನಾನೇ ಕಲಿಸುತ್ತೇನೆ, ಶಾಲು ಬೇಡ. ಸಾಕ್ಷಿಗೆಂದು ನೀವು ಇಟ್ಟುಕೊಂಡ ತೂಕದ ಗುಂಡು ರುಕ್ಮಯ್ಯನದು. ಅದನ್ನು ಅವನ ಮನೆಗೆ ಮುಟ್ಟಿಸಿ.

ಕ್ಷಮೆಯನ್ನು ಕೇಳಬೇಕಾದ ಮನೆಯೂ ಅದೇ. ನಿನ್ನೆ ಹೋಗಿದ್ದೆ. ಅವನ ಹೆಂಡತಿಗೆ ಎಲ್ಲ ಹೇಳಿದೆ. ಅವಳು ನನ್ನ ಮುರಿದ ಹಲ್ಲನ್ನು ನೋಡಿ, “ಇದನ್ನು ಊರಿಗೂ ಹೇಳಿ ಬ್ಯಾರ್ದಾರೇ” ಎಂದಳು. ಹೇಳಿದ್ದೇನೆ.

ನಿಮಗೆ ಪರಂಪರೆಯ ಧ್ವನಿ ಬೇಕೇ ಬೇಕೆಂದಾದರೆ ಹೊಸ ಪೆಟ್ಟಿಗೆ ಮಾಡಿಸಿ, ಹೊಸ ಗುಂಡಿ ಇಡಿ, ಯಂತ್ರ ತೆಗೆದುಕೊಂಡು ವಾಮದಪದವಿಗೆ ಬನ್ನಿ. ಹಲ್ಲು ಒಂದು ಕಡಿಮೆಯಾದರೂ ಈ ಮಾತು ಸ್ಪಷ್ಟವಾಗಿ ಬರುತ್ತದೆ: ಬಲ್ಲಿ.

ಇಂತಿ,
ಒಂದು ಗೋಡೆಯಷ್ಟು ತಡವಾಗಿ ಬಾಯಿಬಿಟ್ಟವನು,
ಮೊಯಿದಿನಬ್ಬ ಮೇಸ್ತ್ರಿ
ವಾಮದಪದವು