ಮಧ್ಯಾಹ್ನ ಮೂರಕ್ಕೂ ಗೊರಕೆ ಹೊಡೆಯುವ ಡಬ್ಬಿ

ಪ್ರೀತಿಯ ಗುಂಡೂ ಕಾಕಾ,

ನಿನ್ನ ಶೈಲೂ ಬರೆಯುತ್ತಿದ್ದೇನೆ. ಅಲ್ಲಿ ಝಳ ಹೆಂಗೈತಿ ಅಂತ ಕೇಳುವುದಿಲ್ಲ. ಕೇಳಿದರೆ ನೀನು ಮೇಲೆ ಹೋದೆಯೋ ಕೆಳಗೆ ಹೋದೆಯೋ ಎಂದು ನನಗೇ ಸಂಶಯ ಇದ್ದಂತಾಗುತ್ತದೆ. ಕಾಕಿಗೆ ಗೊತ್ತಾದರೆ ಆಮೇಲೆ ನನ್ನ ಗತಿ... ಇರಲಿ. ಇಲ್ಲಿ ಮೇ ತಿಂಗಳು. ಕೂಕಟ್‌ಪಲ್ಲಿಯ ನಿಮ್ಮ ಮೇಲಂತಸ್ತಿನ ಫ್ಲ್ಯಾಟು ಹಂಚಿನ ಹಾಗೆ ಕಾಯ್ದಿದೆ, ರೊಟ್ಟಿ ಹಾಕುವುದೊಂದು ಬಾಕಿ. ಅಂಥದ್ದರಲ್ಲಿ ಕೂತು ಬರೆಯುವುದಕ್ಕೆ ಕಾರಣವಿದೆ.

ನಾನು ಬಿ.ಎಸ್ಸಿ. ಸೇರಿದ ವರ್ಷ ನೀನು ಮೊದಲ ಸಲ ಆ ಡಬ್ಬಿ ತೋರಿಸಿದ್ದು ನೆನಪಿದೆಯೇ? ದಪ್ಪ ಅಲ್ಯುಮಿನಿಯಂ ಡಬ್ಬಿ, ಮುಚ್ಚಳದ ಮೇಲೊಂದು ಸ್ವಿಚ್ಚು. ಗಿಟಾರಿಗೂ ಸ್ಪೀಕರಿಗೂ ನಡುವೆ ಇದನ್ನು ಕೂರಿಸಿ, ಬೇಕಾದಾಗ ಕಾಲಲ್ಲಿ ಒತ್ತಬೇಕು ಅಂದೆ. ಗಿಟಾರ್ ಬಾರಿಸಲು ನಿನಗೆಲ್ಲಿ ಬರುತ್ತಿತ್ತು? ಒಂದೇ ತಂತಿ ಮೀಟಿದೆ. ಟಿಣ್ ಅಂತು. ಕಾಲು ಒತ್ತಿ ಮತ್ತೆ ಮೀಟಿದೆ. ಅದೇ ದನಿ, ಹೊಸ ಧೋತರವನ್ನು ಈ ಅಂಚಿನಿಂದ ಆ ಅಂಚಿಗೆ ಹರಿದ ಹಾಗೆ ಬಂತು. ಒಳಗಿಂದ ಕಾಕಿ, "ಗೊರಕಿ ಹೊಡ್ಯಾಕತ್ತೈತಿ ನೋಡ್ರಿ, ಥೇಟ್ ನಿಮ್ಮಂಗ" ಅಂದಳು. ಅಂದಿನಿಂದ ನಿನ್ನ ಡಬ್ಬಿಗಳಿಗೆಲ್ಲ ಗೊರಕಿ ಅಂತಲೇ ಹೆಸರು. ಲೋಕ ಅದನ್ನು ಫಜ್ ಅನ್ನುತ್ತದೆ. ನಮ್ಮ ಮನೆಯಲ್ಲಿ ಅದು ಫಜೀತಿಯ ಮೊದಲರ್ಧ ಮಾತ್ರ.

ಟೆಲಿಫೋನ್ ಇಲಾಖೆಯ ಕೆಲಸ ಮುಗಿಸಿ ಬಂದು ನೀನು ಸತ್ತ ರೇಡಿಯೋಗಳ ಹೊಟ್ಟೆ ಬಗೆಯುತ್ತಿದ್ದೆ. ಒಳಗಿನ ಹಳೇ ಜರ್ಮೇನಿಯಂ ಟ್ರಾನ್ಸಿಸ್ಟರುಗಳು ನಿನಗೆ ಬೇಕಿದ್ದವು, ಒಂದು ಡಬ್ಬಿಗೆ ಎರಡು. ಈಗಿನ ಸಿಲಿಕಾನಿನವು ಗಟ್ಟಿಯಲ್ಲವೇ ಅಂತ ಕೇಳಿದ್ದಕ್ಕೆ, "ಅವು ಆಫೀಸರ್ ಇದ್ದಂಗವ. ದನಿ ಇರತೈತಿ, ದುಃಖ ಇರೂದಿಲ್ಲ" ಅಂದಿದ್ದೆ. ಆರಿಸಿದ ಕೆಲವುಗಳ ನೆತ್ತಿಗೆ ಕಾಕಿಯ ಮೆರೂನ್ ನೇಲ್ ಪಾಲಿಶಿನಿಂದ ಚುಕ್ಕೆ ಇಡುತ್ತಿದ್ದೆ. ಮೂವತ್ತು ವರ್ಷದಿಂದ ಕದಿಯುತ್ತಿದ್ದೇನೆ, ಅವಳು ಪತ್ತೆಯೇ ಹಚ್ಚಿಲ್ಲ, ನೀ ಹೇಳಬ್ಯಾಡ ಅಂತ ಕಣ್ಣು ಹೊಡೆದಿದ್ದೆ. ಆ ಚುಕ್ಕೆ ಯಾಕೆ ಅಂತ ಮಾತ್ರ ನಾನು ಕೇಳಲಿಲ್ಲ. ಕೇಳಿದ್ದರೆ...

ಕೊನೆಯ ಸಲ ಡೇನಿಯಲ್ ನಿನ್ನನ್ನು ನೋಡಲು ಬಂದಾಗ ನೀನು ಹಾಸಿಗೆಯಲ್ಲಿದ್ದೆ. ಮದುವೆ ಬ್ಯಾಂಡಿನಲ್ಲಿ ಆಯುಷ್ಯವಿಡೀ ನಿನ್ನ ಗೊರಕಿಯ ಮೇಲೆ ಕಾಲಿಟ್ಟು ಗಿಟಾರ್ ಬಾರಿಸಿದ ಮನುಷ್ಯ, ತನ್ನ ಹಳೆಯ ಡಬ್ಬಿ ಕೈಕೊಟ್ಟಿತು ಅಂತ ಸಂಕೋಚದಿಂದ ಹೇಳಿದ. ನೀನು ಅವನ ಕೈ ಹಿಡಿದು, ಅವನ ಮಗಳ ಮದುವೆಯಲ್ಲಿ ಅವನು ಹೊಸ ಡಬ್ಬಿಯ ಮೇಲೆ ಬಾರಿಸುತ್ತಾನೆ ಅಂತ ಮಾತು ಕೊಟ್ಟೆ. ಕೊಟ್ಟು ಹೊರಟೇ ಹೋದೆ. ಈ ಏಪ್ರಿಲ್‌ನಲ್ಲಿ ಅವನು ಲಗ್ನಪತ್ರಿಕೆ ಹಿಡಿದು ಬಂದ. ಚಹಾ ಕುಡಿದ. ನಿನ್ನ ಟೇಬಲ್ಲಿನ ಮೇಲೆ ಬಾಯಿ ತೆರೆದು ಬಿದ್ದಿದ್ದ, ನೀನು ಅರ್ಧಕ್ಕೆ ಬಿಟ್ಟ ಡಬ್ಬಿಯನ್ನು ನೋಡಿಯೂ ನೋಡದಂತೆ ಕೂತ. ನಾನೇ, ಕಾಕಾನ ಮಾತು, ಡಬ್ಬಿ ಬರುತ್ತದೆ ಅಂದೆ. ಅವನು ಮೆಲ್ಲಗೆ, "ನೈ ಹುವಾ ತೋ ಬೀ ಚಲ್ತಾ, ಮೇಡಂ" ಅಂದ. ಆಗದಿದ್ದರೂ ನಡೆಯುತ್ತದಂತೆ. ಅವನಿಗೆ ನಡೆಯಬಹುದು ಕಾಕಾ, ನನಗೆ ನಡೆಯಲಿಲ್ಲ. ನಿನ್ನ ಮಾತು ನಿನ್ನ ಜೊತೆಗೇ ಸುಟ್ಟು ಹೋಗಬೇಕೇ?

ಹದಿನೇಳು ವರ್ಷ ಫಿಜಿಕ್ಸ್ ಕಲಿಸಿದ ಕೊಬ್ಬು ನನಗೆ. ನೀನು ಅಡಿಕೆ ಡಬ್ಬಿಯಲ್ಲಿ ಕೂಡಿಟ್ಟಿದ್ದ ಟ್ರಾನ್ಸಿಸ್ಟರುಗಳನ್ನೂ ಆ ಅರ್ಧ ಗೊರಕಿಯನ್ನೂ ಹಿಮಾಯತ್‌ನಗರದ ನಮ್ಮ ಕಾಲೇಜಿನ ಲ್ಯಾಬಿಗೆ ಒಯ್ದೆ. ಮೆರೂನ್ ಚುಕ್ಕೆಯವು ಐದಿದ್ದವು. ನಮ್ಮ ಲ್ಯಾಬಿನಲ್ಲಿ ಕೆಂಪು ಚುಕ್ಕೆ ಇಟ್ಟರೆ ಉಪಕರಣ ಕೆಟ್ಟಿದೆ ಎಂದರ್ಥ. ಅವನ್ನು ಪಕ್ಕಕ್ಕಿಟ್ಟೆ. ಉಳಿದವನ್ನು ಏಸಿಯ ತಂಪಿನಲ್ಲಿ, ಮೀಟರು ಹಚ್ಚಿ, ಹಾಳೆಯಲ್ಲಿ ಗೆರೆ ಎಳೆದು ಅಳೆದು, ಮೆರಿಟ್ ಮೇಲೆ ಎರಡನ್ನು ಆರಿಸಿದೆ. ಬೆಸುಗೆ ಹಾಕಿ ಒತ್ತಿದರೆ, ಆಹಾ, ನೀನೇ ಮಲಗಿದ್ದೀಯೇನೋ ಅನ್ನಿಸಿತು. ಬರುವಾಗ ಮೆಟ್ರೋದಲ್ಲಿ ಸೆಕ್ಯುರಿಟಿಯವಳು ಡಬ್ಬಿ ತೆರೆಸಿ, ವೈರು ಕಂಡು ಗಾಬರಿಯಾದಳು. ಇದು ತಿನ್ನುವ ಡಬ್ಬಿಯಲ್ಲ, ತುಳಿಯುವ ಡಬ್ಬಿ ಅಂತ ತೆಲುಗಿನಲ್ಲಿ ತಿಳಿಸಿಹೇಳುವಷ್ಟರಲ್ಲಿ ಎರಡು ಗಾಡಿ ತಪ್ಪಿದವು.

ಮನೆಗೆ ಬಂದು ಮೂರು ಗಂಟೆಯ ಝಳದಲ್ಲಿ ಒತ್ತಿದೆ. ಗಂಟಲು ಕಟ್ಟಿದ ಮುದುಕನಂತೆ ಕೊಸಕ್ ಅಂದು ಸುಮ್ಮನಾಯಿತು. ಬೆಸುಗೆ ಬಿಚ್ಚಿ ಮತ್ತೆ ಹಾಕಿದೆ, ಕೈ ಸುಟ್ಟುಕೊಂಡೆ, ಎರಡೂ ಅರ್ಥದಲ್ಲಿ. ಇನ್ನೆರಡು ಹಾಕಿದೆ, ಮತ್ತೆರಡು ಹಾಕಿದೆ. ಬೆಳಿಗ್ಗೆ ಭೀಮಸೇನ, ಮಧ್ಯಾಹ್ನ ಮೌನಿಬಾಬಾ. ಜರ್ಮೇನಿಯಂ ಕಾಯ್ದರೆ ಒಳಗಿನ ವಿದ್ಯುತ್ತು ಸೋರುತ್ತದೆ ಅಂತ ನಾನೇ ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ! ಬರೆಯುವುದೇ ಬೇರೆ, ಬೆವರುವುದೇ ಬೇರೆ. ಮದುವೆಗೆ ಒಂಬತ್ತು ದಿನ ಉಳಿದಿತ್ತು. ಊಟ ಚರ್ಚಿನ ಮೈದಾನದಲ್ಲಿ, ಶಾಮಿಯಾನದ ಕೆಳಗೆ, ಹಾಡು ಊಟದ ನಂತರ. ಸಿಲಿಕಾನ್ ಹಾಕಿ ಕೊಟ್ಟುಬಿಡು, ಯಾರಿಗೆ ಗೊತ್ತಾಗುತ್ತದೆ ಅಂದರು ನನ್ನ ಯಜಮಾನರು. ಡೇನಿಯಲ್‌ಗೆ ಗೊತ್ತಾಗದೆ? ನನಗೆ?

ಮರುದಿನ ಕಾಕಿ ಬೆಳ್ಳುಳ್ಳಿ ಸುಲಿಯುತ್ತ ಬಂದು ಟೇಬಲ್ಲಿನ ಬಳಿ ನಿಂತು, ಮೆರೂನ್ ಚುಕ್ಕೆಯ ಐದನ್ನು ತೋರಿಸಿದಳು. "ಅವ್ನ ಯಾಕ ಬಾಜೂಕ ಇಟ್ಟೀಯವ್ವಾ? ಅವು ಮೇ ತಿಂಗಳದಾಗ ಪಾಸಾದವು."

ಆಗ ನನಗೆ ನೀನು ಕಂಡೆ. ಮೇ ತಿಂಗಳ ಮಧ್ಯಾಹ್ನ, ಕಿಡಕಿ ಮುಚ್ಚಿ, ಫ್ಯಾನ್ ಬಂದ್ ಮಾಡಿ, ಬನಿಯನ್ ಹಿಂಡುವಷ್ಟು ಬೆವರುತ್ತ ಟ್ರಾನ್ಸಿಸ್ಟರ್ ಒಂದೊಂದಾಗಿ ಸಿಕ್ಕಿಸಿ ತಂತಿ ಮೀಟುತ್ತಿದ್ದ ನೀನು. ಕರೆಂಟು ಉಳಿಸುವ ಜಿಪುಣತನ ಅಂತ ನಾವೆಲ್ಲ ನಕ್ಕಿದ್ದೆವಲ್ಲ. ನೀನು ಪರೀಕ್ಷೆ ನಡೆಸುತ್ತಿದ್ದೆ. ಫಲಿತಾಂಶವನ್ನು ಅಡುಗೆಮನೆಯಿಂದ ಕಾಕಿ ಹೇಳುತ್ತಿದ್ದಳಂತೆ: ಹೂಂ, ಊಹೂಂ. ನಾನು ಉಳಿದವನ್ನು ಏಸಿಯಲ್ಲಿ ಕೂರಿಸಿ ನಂಬಿದೆ. ತಂಪಿನಲ್ಲಿ ಯಾರು ಸಜ್ಜನರಲ್ಲ, ಹೇಳು?

ಕಾಕಿಯೇ ಹೋಗಿ ಫ್ಯಾನ್ ಬಂದ್ ಮಾಡಿದಳು. ಕಿಡಕಿ ಮುಚ್ಚಿದಳು. ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂತಳು. ಐದೂ ಹಾಡಿದವು, ಆದರೆ ಈ ಡಬ್ಬಿಗೆ ಅವಳ ಹೂಂ ಸಿಕ್ಕಿದ್ದು ಎರಡಕ್ಕೆ. ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಾಗ ನಾನು ನಿನ್ನ ಗುಟ್ಟು ಬಿಟ್ಟುಕೊಟ್ಟೆ, ಕ್ಷಮಿಸು. ಕಾಕಾ ನಿನ್ನ ನೇಲ್ ಪಾಲಿಶ್ ಕದಿಯುತ್ತಿದ್ದ, ಗೊತ್ತಿತ್ತೇನು ಅಂತ ಕೇಳಿದೆ.

ಅವಳು ಬೆಳ್ಳುಳ್ಳಿ ವಾಸನೆಯ ಹತ್ತೂ ಬೆರಳು ನನ್ನ ಮುಂದೆ ಚಾಚಿದಳು. "ನಾ ಯಾವತ್ತರ ಉಗುರಿಗೆ ಬಣ್ಣ ಹಚ್ಚಿದ್ದು ನೋಡಿಯೇನು?"

ಇಲ್ಲ ಕಾಕಾ. ಒಂದು ದಿನವೂ ನೋಡಿಲ್ಲ. ಕನ್ನಡಿಯ ಮುಂದೆ ಮಾತ್ರ ಪ್ರತಿ ವರ್ಷ ಹೊಸ ಬಾಟಲಿ, ಅದೇ ಮೆರೂನು. ಯಾರಿಗಾಗಿ ಅಂತ ನಿನಗೆ ಹೊಳೆಯಲೇ ಇಲ್ಲವೇ, ಹೆಡ್ಡ ಕಳ್ಳಾ?

ಮದುವೆಯ ದಿನ ಮಧ್ಯಾಹ್ನ ಮೂರಕ್ಕೆ ಶಾಮಿಯಾನದ ಕೆಳಗೆ ಐಸ್‌ಕ್ರೀಮು ಬಟ್ಟಲಲ್ಲೇ ಸಾರಾಗಿತ್ತು. ಡೇನಿಯಲ್ ಬೂಟು ಕಳಚಿ, ಬರಿಗಾಲಲ್ಲಿ ಡಬ್ಬಿ ಒತ್ತಿದ. ಧೋತರ ಹರಿಯಿತು, ಈ ಅಂಚಿನಿಂದ ಆ ಅಂಚಿಗೆ. ಅವನ ಮಗಳು ಅಳುತ್ತ ನಕ್ಕಳು. ಡೇನಿಯಲ್ ನನ್ನತ್ತ ನೋಡಲಿಲ್ಲ, ಮೇಲೆ ನೋಡಿದ. ಆದ್ದರಿಂದ ನೀನು ಮೇಲೆಯೇ ಹೋಗಿದ್ದೀ ಎಂದು ತೀರ್ಮಾನಿಸಿದ್ದೇನೆ. ಕಾಕಿ ಹಾಡು ಮುಗಿಯುವವರೆಗೂ ಕಣ್ಣು ತೆರೆಯಲಿಲ್ಲ.

ಈ ಮೇ ಮುಗಿಯಲು ಇನ್ನೂ ಹನ್ನೊಂದು ದಿನವಿದೆ. ನಾನು ತಿರಸ್ಕರಿಸಿದವು, ಆರಿಸಿದವು, ಎಲ್ಲವನ್ನೂ ದಿನಾ ಮೂರು ಗಂಟೆಗೆ ಫ್ಯಾನ್ ಬಂದ್ ಮಾಡಿ ಮತ್ತೆ ಪರೀಕ್ಷೆಗೆ ಕೂರಿಸುತ್ತಿದ್ದೇನೆ. ಗೊರಕಿ ನಿಲ್ಲುವುದಿಲ್ಲ, ಇದು ನನ್ನ ಮಾತು. ಹಳೆಯ ಬಾಟಲಿ ಒಣಗಿತ್ತು. ಇವತ್ತು ನೋಡಿದರೆ ಕನ್ನಡಿಯ ಮುಂದೆ ಹೊಸದೊಂದು ಕೂತಿದೆ, ಸೀಲು ಒಡೆದಿಲ್ಲ. ಕಾಕಿ ಬೇಕಂತಲೇ ಅಡುಗೆಮನೆಗೆ ಹೋಗಿ ಪಾತ್ರೆ ಸದ್ದು ಮಾಡುತ್ತಿದ್ದಾಳೆ.

ಹೋಗಿ ಕದ್ದು ಬರುತ್ತೇನೆ.

ನಿನ್ನ,
ಶೈಲೂ