ಗೋಡೆಗೆ ನಿಲ್ಲಿಸಿದ ಹೊಲ

ಯಶವಂತಪುರ
೮ ಡಿಸೆಂಬರ್ ೧೯೬೩, ಭಾನುವಾರ

ಪ್ರೀತಿಯ ಗಂಗಮ್ಮನಿಗೆ,

ಮೊದಲು ‘ಆಶೀರ್ವಾದಗಳು’ ಎಂದು ಬರೆದಿದ್ದೆ. ಆ ಹಾಳೆ ಬದಲಿಸಿದೆ. ಆಶೀರ್ವಾದ ಮಾಡುವ ಸ್ಥಿತಿಯಲ್ಲಿ ನಾನಿಲ್ಲ. ಅತ್ತೆಗೆ ನನ್ನ ನಮಸ್ಕಾರ ಹೇಳು. ಇಲ್ಲಿಂದ ನಿಮ್ಮೂರು ತಣಿಸಂದ್ರಕ್ಕೆ ಸೈಕಲ್ಲಿನಲ್ಲಿ ಒಂದೂವರೆ ಗಂಟೆಯ ದಾರಿ. ಕಾಗದ ಬರೆಯಲು ನನಗೆ ಐದು ತಿಂಗಳು ಹಿಡಿಯಿತು. ಅಕ್ಷರಗಳನ್ನು ದಪ್ಪವಾಗಿ, ಬಿಡಿಬಿಡಿಯಾಗಿ ಬರೆಯುತ್ತಿದ್ದೇನೆ. ನಿನ್ನ ತಮ್ಮನ ಕೈಲಿ ಓದಿಸಬೇಡ. ಎಷ್ಟು ಹೊತ್ತಾದರೂ ಸರಿ, ನೀನೇ ಓದು.

‘ಒಂದು ಬೊಗಸೆ ಮಣ್ಣಿಲ್ಲದ ಮನೇಲಿ ನಂಗೆ ಉಸಿರು ಕಟ್ತದೆ’ ಎಂದು ಹೇಳಿ ನೀನು ಹೋದೆ. ವಠಾರದವರಿಗೆ ನಾನು, ಆಷಾಢಕ್ಕೆ ತವರಿಗೆ ಹೋಗಿದ್ದಾಳೆ ಎಂದೆ. ಮನೆಯೊಡತಿ ಸುಬ್ಬಮ್ಮ ಅಕ್ಕಿ ಆರಿಸುವುದನ್ನು ನಿಲ್ಲಿಸಿ, ‘ಮದ್ವೆಯಾಗಿ ಇಪ್ಪತ್ತು ವರ್ಷಕ್ಕೆ ಆಷಾಢವಾ ಗುಮಾಸ್ತರೆ? ಯಾರ್ ಮುಖ ನೋಡ್ಬಾರ್ದು ಅಂತ ಹೋದ್ಳು, ನಿಮ್ದಾ?’ ಎಂದು ಕೇಳಿದಳು. ನಾನು ನಕ್ಕೆ. ಅವಳು ನಗಲಿಲ್ಲ.

ಆಮೇಲೆ ಮಣ್ಣು ತರಲು ಹೊರಟೆ. ನಮ್ಮ ಬಾಗಿಲ ಮುಂದಿರುವುದು ಒಂದು ಚಾಪೆಯಗಲ ಜಾಗ, ಅದರಲ್ಲೂ ಅರ್ಧ ಚರಂಡಿ. ಆದರೆ ಗೋಡೆ ಇತ್ತು. ಆರು ವರ್ಷದಿಂದ ಅದರ ಪಕ್ಕದಲ್ಲೇ ಓಡಾಡಿದ್ದೆ, ನೋಡಿರಲಿಲ್ಲ. ಹೋಟೆಲಿನಿಂದ ಡಾಲ್ಡಾ ಡಬ್ಬಿಗಳು, ಗೂಡ್ಸ್ ಶೆಡ್ಡಿನ ಮೂಲೆಯಿಂದ ಬಿಸ್ಕತ್ತಿನ ತಗಡುಗಳು, ಒಂದು ಸೀಮೆಎಣ್ಣೆ ಡಬ್ಬ ಕೂಡಿಹಾಕಿದೆ. ಅಲ್ಲಾಳಸಂದ್ರದ ಕೆರೆಯಂಚಿನ ಗೋಡುಮಣ್ಣನ್ನು ಚೀಲದಲ್ಲಿ ತುಂಬಿಕೊಂಡೆ. ಅಲ್ಲಿಂದ ನಿಮ್ಮೂರು ದೂರವಲ್ಲ. ಸೈಕಲ್ಲನ್ನು ಎರಡು ಸಲ ಆ ಕಡೆ ತಿರುಗಿಸಿ, ಎರಡು ಸಲವೂ ವಾಪಸು ತಿರುಗಿಸಿದೆ.

ಮೊದಲು ಬಿತ್ತಿದ ಮೆಂತ್ಯ ನಾಲ್ಕೇ ದಿನಕ್ಕೆ ಕೊಳೆತು ನಾರಿತು. ಬೆಸುಗೆ ಹಾಕುವ ಜಿಯಾವುಲ್ಲಾ ನೋಡಿ ಮೂಗು ಮುಚ್ಚಿಕೊಂಡ. ‘ತಳದಾಗೆ ತೂತಿಲ್ಲ ಸಾಬ್, ಪಾಪ ಈಜಾಡಿ ಈಜಾಡಿ ಸತ್ತೋಗಿದೆ.’ ಡಬ್ಬಿಗಳನ್ನೆಲ್ಲ ಅವನಂಗಡಿಗೆ ಹೊತ್ತೊಯ್ದೆ. ‘ಎಲ್ಲಾರೂ ನನ್ ತಾವ ತೂತು ಮುಚ್ಚಿಸ್ಕೊಳ್ಳಾಕೆ ಬರ್ತಾರೆ. ಹೊಡಿಸ್ಕೊಳ್ಳಾಕೆ ಬಂದೋರು ನೀವೊಬ್ರೇ’ ಎಂದು ಇಡೀ ಬೀದಿಗೆ ಕೇಳುವಂತೆ ಹೇಳಿದ.

ಆ ಭಾನುವಾರ ಅವನೇ ಬಂದು ಗೋಡೆಗೆ ಬಿದಿರಿನ ಏಣಿ ಬಡಿದು, ಡಬ್ಬಿಗಳನ್ನು ಒಂದರ ಕೆಳಗೊಂದು ತೂಗುಹಾಕಿದ. ಮೇಲಿನದಕ್ಕೆ ಒಂದು ಚೊಂಬು ನೀರು ಸುರಿದರೆ ತೊಟ್ಟಿಕ್ಕುತ್ತ ಕೆಳಗಿನವರೆಗೆ ಇಳಿಯುತ್ತದೆ. ಮೇಲೆ ಮೆಣಸಿನಕಾಯಿ, ನಡುವೆ ಮೆಂತ್ಯ, ಕೊತ್ತಂಬರಿ, ಅದರ ಕೆಳಗೆ ಹರಿವೆ, ಬುಡದ ಸೀಮೆಎಣ್ಣೆ ಡಬ್ಬದಲ್ಲಿ ಬಸಳೆ. ಬೆಳಿಗ್ಗೆ ನೀರು ಹನಿಯುವ ಸದ್ದು ಕೇಳುತ್ತ ಹಲ್ಲುಜ್ಜುತ್ತೇನೆ. ನೀನಿಲ್ಲದ ಮನೆಯಲ್ಲಿ ಇಷ್ಟು ಸಂತೋಷಪಟ್ಟೆ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಪಟ್ಟದ್ದು ನಿಜ.

ಒಂದು ತಪ್ಪು ಮಾಡಿದೆ. ಅವರೆಬೀಜವನ್ನು ಎಲ್ಲಕ್ಕಿಂತ ಮೇಲಿನ ಡಬ್ಬಿಗೆ, ಮೆಣಸಿನಕಾಯಿಯ ಜೊತೆಗೇ ಹಾಕಿಬಿಟ್ಟೆ. ನಿಮ್ಮೂರಿನ ಮಗು ಕೂಡ ಹಾಗೆ ಮಾಡುತ್ತಿರಲಿಲ್ಲ. ಬಳ್ಳಿಗೆ ಹತ್ತಲು ಬೇರೆ ದಿಕ್ಕಿಲ್ಲದೆ ಸುಬ್ಬಮ್ಮನ ಹೆಂಚು ಹತ್ತಿತು. ‘ಗೋಡೆ ನೆಂದು ಬಿದ್ರೆ ನಿಮ್ ಮಾವ ಕಟ್ಕೊಡ್ತಾರಾ? ಭಾನುವಾರದೊಳ್ಗೆ ಎಲ್ಲಾ ಇಳಿಸಿ’ ಎಂದು ಅವಳು ಗಡುವು ಕೊಟ್ಟಳು. ನಾನು ಇಳಿಸಲಿಲ್ಲ. ಇವತ್ತು ಬೆಳಿಗ್ಗೆ ತಾನೇ ಬಳ್ಳಿ ಕೀಳುತ್ತೇನೆಂದು, ಜಿಯಾವುಲ್ಲಾನ ಕೈಲಿ ಬೇರೊಂದು ಏಣಿ ಹಿಡಿಸಿ ಮೇಲೆ ಹತ್ತಿದಳು. ಬಹಳ ಹೊತ್ತು ಇಳಿಯಲೇ ಇಲ್ಲ. ಇಳಿದಾಗ ಮಡಿಲ ತುಂಬ ಸೊನೆ ಅವರೆಕಾಯಿ, ಘಮ್ಮೆನ್ನುತ್ತಿತ್ತು.

‘ನನ್ ಹೆಂಚಿನ್ ಮೇಲ್ ಬಿಟ್ಟಿದ್ದು ನಂದು ಕಣ್ರೀ’ ಎಂದಳು.

‘ಗೋಡೆ?’

‘ಇರ್ಲಿ ಬಿಡಿ. ಗಂಗಮ್ಮ ಒಂದ್ಸಲ ನೋಡ್ಲಿ, ಆಮೇಲ್ ಜಗಳ ಆಡೋಣ.’

ಹಾಗಾಗಿ ಈ ಕಾಗದ. ಮಣ್ಣು ಈಗ ಒಂದು ಬೊಗಸೆಗಿಂತ ಹೆಚ್ಚಿದೆ. ಬಸಳೆಯನ್ನು ಯಾವಾಗ ಚಿವುಟಬೇಕೆಂದು ನನಗೆ ತಿಳಿಯದು. ಅದು ಚರಂಡಿ ದಾಟುತ್ತಿದೆ. ನಿಮ್ಮ ಮನೆಯ ಎಲ್ಲರೂ ಚೆನ್ನಾಗಿರಲಿ. ಈ ವರ್ಷ ರಾಗಿ ಕಣ ತುಂಬಲಿ. ನೀನು ಬಂದರೆ ಇಲ್ಲಿಯೂ ಎಲ್ಲ ಚೆನ್ನಾಗಿರುತ್ತದೆ.

ನಿನ್ನ
ಬ್ಯಾಟರಾಯಪ್ಪ

ತಾ. ಕ.: ನೀನು ಹೋದದ್ದು ಮಣ್ಣಿಗಾಗಿ ಅಲ್ಲ. ಅದು ಮೊದಲ ದಿನದಿಂದ ನನಗೆ ಗೊತ್ತು. ಅವತ್ತು ಸಂಜೆ ನಮ್ಮ ಆಫೀಸಿನ ಹೆಡ್ ಗುಮಾಸ್ತರು ಮನೆಯಲ್ಲಿ ಕೂತಿದ್ದರು. ನೀನು ತವರಿನ ಹೊಲದಿಂದ ನೇರವಾಗಿ ಬಂದೆ, ಕಾಲೆಲ್ಲ ಕೆಸರು, ತಲೆಯ ಮೇಲೆ ಸೊಪ್ಪಿನ ಹೊರೆ. ‘ಯಾರು?’ ಎಂದು ಅವರು ಕೇಳಿದರು. ‘ಸೊಪ್ಪಿನವಳು’ ಎಂದೆ ನಾನು. ನೀನು ಹೊರೆ ಇಳಿಸಿ, ಒಂದು ಕಟ್ಟು ತೆಗೆದು ಅವರ ಕೈಗೆ ಕೊಟ್ಟೆ. ಅವರು ಎದ್ದು ಹೋಗುವವರೆಗೆ ನೀನು ನಲ್ಲಿಯ ಹತ್ತಿರ ನಿಂತಿದ್ದೆ. ಬರುವ ಭಾನುವಾರ ಅವರನ್ನು ಊಟಕ್ಕೆ ಕರೆದಿದ್ದೇನೆ. ನೀನು ಬಂದರೆ ನಿನ್ನ ಪಕ್ಕದಲ್ಲಿ ನಿಂತು ಹೇಳುತ್ತೇನೆ. ಬಾರದಿದ್ದರೂ ಹೇಳುತ್ತೇನೆ: ಅವತ್ತು ಬಾಗಿಲಲ್ಲಿ ನಿಂತಿದ್ದವಳು ನನ್ನ ಹೆಂಡತಿ.